ಸೂರಿನಲ್ಲಿದ್ದ ಗಂಗಳ

ನಮ್ಮ ಜೊತೆ ಕಾಲೇಜಿನಲ್ಲಿ ಓದಿದವರ ಮನೆಗಳಿಗೆ ಒಮ್ಮೊಮ್ಮೆ ಹೋಗಿದ್ದೇವೆ. ಅವರ ಅಡುಗೆಮನೆಯ ಗೂಡುಗಳಲ್ಲಿ ಮುತ್ತಜ್ಜಿಯ ಕಾಲದ ಹಿತ್ತಾಳೆ ಹಂಡೆ, ಕಂಚಿನ ಬಟ್ಟಲು, ಬೆಳ್ಳಿ ಲೋಟ, ಬಳಪದ ಕಲ್ಲಿನ ಮರಿಗೆ. ಕೆಲವದರ ಅಂಚಿನಲ್ಲಿ ಹೆಸರು ಕೆತ್ತಿಸಿದೆ. ಯಾರ ಮದುವೆಗೆ ಯಾರು ಕೊಟ್ಟದ್ದು, ಯಾವ ವರ್ಷ ಅಂತ. "ಇದ್ರಲ್ಲಿ ಮಾಡಿದ ಸಾರಿನ ರುಚಿಯೇ ಬೇರೆ" ಎಂದು ಅವರ ತಾಯಂದಿರು ಪ್ರೀತಿಯಿಂದ ಎತ್ತಿ ತೋರಿಸಿದ್ದಾರೆ. ಸುಳ್ಳಲ್ಲ. ಆ ಸಾರನ್ನು ನಾವೂ ಉಂಡಿದ್ದೇವೆ. ಕೆಲವರ ಮನೆಯಲ್ಲಿ ಒಳಗೆ ಕೂತು, ಕೆಲವರ ಮನೆಯಲ್ಲಿ ಜಗಲಿಯಲ್ಲಿ ಕೂತು. ರುಚಿಯಾಗಿಯೇ ಇತ್ತು.

ಹಾಗೆ ಉಂಡೆದ್ದ ಒಂದು ಮಧ್ಯಾಹ್ನ ಒಬ್ಬ ತಾಯಿ ಕೇಳಿದರು: "ನಿಮ್ಮ ಮನೇಲೂ ಹಿಂದಿನೋರ ಪಾತ್ರೆ ಇರ್ಬೇಕಲ್ಲಪ್ಪ, ಏನೇನಿದೆ?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ನಮಗೆ ಉತ್ತರ ಹೊರಡಲಿಲ್ಲ. ಕೈ ತೊಳೆಯುವ ನೆಪದಲ್ಲಿ ಎದ್ದುಬಂದೆವು. ಅವತ್ತು ಕೊಡದ ಉತ್ತರವನ್ನು ಈಗ ಬರೆಯುತ್ತಿದ್ದೇವೆ.

ನಾವು ಅಂದರೆ ಅವ್ವ, ಅಪ್ಪ, ಅಕ್ಕ, ತೀರಿಹೋದ ಅಜ್ಜಿ ತಾತ, ಮತ್ತು ಇದನ್ನು ಬರೆಯುತ್ತಿರುವ ಕೈ. 'ನಾನು' ಎಂಬ ಮಾತು ನಮ್ಮ ಮನೆಗೆ ಬಂದದ್ದು ಕಾಲೇಜಿನಿಂದ. ಅಡುಗೆಮನೆಯಲ್ಲಿ ಅದಕ್ಕೆ ಕೆಲಸವಿಲ್ಲ. ನಮ್ಮದು ಮೈಸೂರು ಸೀಮೆಯ ಒಂದು ಊರು. ಊರು ಅಂದರೂ ತಪ್ಪೇ, ಊರಾಚೆಯ ಒಂದು ಕೇರಿ. ಹೆಸರು ಬೇಡ. ಹೆಸರು ಬದಲಾದರೂ ಕತೆ ಬದಲಾಗುವುದಿಲ್ಲ.

ಹಿಂದಿನವರು ಬಿಟ್ಟುಹೋದದ್ದು ಐದು. ಒಂದು ರಾಗಿಕಲ್ಲು. ಒಂದು ಒಳಕಲ್ಲು. ಒಂದು ಹಿಟ್ಟಿನ ಕೋಲು. ಅದರ ಜೊತೆಗಾರ ಒಂದು ಕವೆಗೋಲು. ಒಂದು ಸಿಲ್ವಾರದ ಗಂಗಳ. ಅಲ್ಯೂಮಿನಿಯಂಗೆ ನಮ್ಮ ಕಡೆ ಸಿಲ್ವಾರ ಅಂತಾರೆ, ತಟ್ಟೆಗೆ ಗಂಗಳ ಅಂತಾರೆ. ಯಾವುದರ ಮೇಲೂ ಹೆಸರಿಲ್ಲ. ಕೆತ್ತಿಸಿದ್ದರೆ ಓದುವವರು ಯಾರಿದ್ದರು? ಅಪ್ಪ ನಾಲ್ಕನೇ ಕ್ಲಾಸು. ಅವ್ವ ಹೆಬ್ಬೆಟ್ಟು. ಡಿಗ್ರಿ ಅಂತ ಒಂದು ಕಾಗದ ಈ ಮನೆಯ ಹೊಸಲು ದಾಟಿ ಬಂದದ್ದು ನಮ್ಮ ಕಾಲಕ್ಕೇ ಮೊದಲು.

ರಾಗಿಕಲ್ಲು ತಾತನ ಮದುವೆಯ ವರ್ಷದ್ದು. ಬಂಡೆ ಒಡೆಯುವವರಿಗೆ ನಾಲ್ಕು ಕೊಳಗ ರಾಗಿ ಅಳೆದುಕೊಟ್ಟು ತಂದರಂತೆ. ಮೇಲಿನ ಕಲ್ಲನ್ನು ಅಜ್ಜಿ, ಕೆಳಗಿನ ಕಲ್ಲನ್ನು ತಾತ, ಇಬ್ಬರೂ ತಲೆ ಮೇಲೆ ಹೊತ್ತು ನಡೆದು ಬಂದರಂತೆ. ಅಜ್ಜಿ ಅದನ್ನು ಹೇಳುವಾಗಲೆಲ್ಲ ನಗುತ್ತಿದ್ದಳು: "ನಮ್ಮ ಮದ್ವೆ ಮೆರವಣಿಗೆ ಅಂದ್ರೆ ಅದೇ ಕನ ಮಗ." ಕೋಳಿ ಕೂಗುವ ಮುಂಚೆ ಎದ್ದು ಬೀಸುತ್ತಿದ್ದಳು. ಬೆಳಗಾದ ಮೇಲೆ ಅವಳ ಹೊತ್ತು ಅವಳದಲ್ಲ, ಗೌಡರ ಹೊಲದ್ದು. ಹಿಡಿ ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಹಾಕುತ್ತ, ಗೂಟ ಹಿಡಿದು ತಿರುಗಿಸುತ್ತ, ಜೊತೆಗೆ ಪದ ಹೇಳುತ್ತಿದ್ದಳು. ಆ ಪದ ಕೇಳುತ್ತಲೇ ಅಪ್ಪ ನಿದ್ದೆ ಹೋದದ್ದು, ಎದ್ದದ್ದು.

ಬೀಸುವ ಪದಗಳನ್ನು ಜಾನಪದ ವಿದ್ವಾಂಸರು ಊರೂರು ಸುತ್ತಿ ಬರೆದುಕೊಂಡಿದ್ದಾರೆ. ಪುಸ್ತಕಗಳಾಗಿವೆ. ಬಿ.ಎ.ಯಲ್ಲಿ ನಾವು ಅದನ್ನು ಪಾಠವಾಗಿ ಓದಿದೆವು. ಹೆಣ್ಣಿನ ಸಹನೆ, ಸಂಸಾರದ ಸೊಗಸು ಅಂತ ಎರಡು ಪುಟ ಬರೆದು ಒಳ್ಳೆಯ ಅಂಕ ತೆಗೆದೆವು. ಅಜ್ಜಿಯ ಜಡ್ಡುಗಟ್ಟಿದ ಅಂಗೈ ಬಗ್ಗೆ ಪ್ರಶ್ನೆಪತ್ರಿಕೆಯಲ್ಲಿ ಏನೂ ಬಂದಿರಲಿಲ್ಲ. ಬಂದಿರಲಿಲ್ಲ ಅಂತ ನಾವೂ ಬರೆಯಲಿಲ್ಲ. ಆ ತಪ್ಪು ನಮ್ಮದು.

ಈಗ ಊರಲ್ಲಿ ಮಿಲ್ಲಿದೆ. ದಿನದ ರಾಗಿ ಅಲ್ಲೇ ಬೀಸಿಸುವುದು. ಆದರೆ ಕಲ್ಲು ಮೂಲೆ ಸೇರಿಲ್ಲ. ಹುರುಳಿ, ಅವರೆ, ತೊಗರಿ ಒಡೆದು ಬೇಳೆ ಮಾಡುವುದು ಅದರಲ್ಲೇ. ಸೊಸೈಟಿ ಅಕ್ಕಿಯನ್ನು ನುಚ್ಚು ಮಾಡುವುದು ಅದರಲ್ಲೇ. ಮಿಲ್ಲಿಗೆ ಕರೆಂಟು ಇಲ್ಲದ ದಿನ ರಾಗಿಗೂ ಅದೇ ಗತಿ. ಬೀಸಿ ಬೀಸಿ ಕಲ್ಲಿನ ಮೈ ನುಣ್ಣಗಾಗಿಬಿಡುತ್ತದೆ. ಆಗ ಕಾಳು ಜಾರುತ್ತದೆಯೇ ಹೊರತು ಹಿಟ್ಟಾಗುವುದಿಲ್ಲ. ಉಳಿಯಲ್ಲಿ ಕುಟ್ಟಿ ಮತ್ತೆ ಒರಟು ಮಾಡಬೇಕು. ಕುಟ್ಟುವವರು ಈಗ ಬರುವುದು ಅಪರೂಪ, ಅವ್ವ ತಾನೇ ಉಳಿ ಹಿಡಿಯುತ್ತಾಳೆ. "ಕಲ್ಲೂ ಅಷ್ಟೇ, ಮನ್ಸಾನೂ ಅಷ್ಟೇ. ನುಣ್ಗಾದ್ರೆ ಕೆಲ್ಸಕ್ಕೆ ಬರದಿಲ್ಲ" ಅನ್ನುತ್ತಾಳೆ. ಪಟ್ಟಣದಿಂದ ಇಸ್ತ್ರಿ ಷರ್ಟು ಹಾಕಿಕೊಂಡು ಬಂದ ದಿನವೇ ಅದನ್ನು ಯಾಕೆ ಅನ್ನುತ್ತಾಳೋ ನಮಗೆ ಗೊತ್ತು.

ಒಳಕಲ್ಲಿನದು ಚಿಕ್ಕ ಕತೆ. ಹಳೆ ಗುಡಿಸಲು ಕೆಡವಿ ಸರ್ಕಾರದ ಮನೆ ಕಟ್ಟುವಾಗ ಮೇಸ್ತ್ರಿಯ ಲೆಕ್ಕದಲ್ಲಿ ಅದಕ್ಕೆ ಜಾಗ ಇರಲಿಲ್ಲ. "ಮಿಕ್ಸಿ ತಗೊಳಕ್ಕಾ" ಅಂದ. ಅವ್ವ ಮಿಕ್ಸಿಯನ್ನೂ ತಗೊಂಡಳು, ಅಡುಗೆಮನೆ ಬಾಗಿಲ ಪಕ್ಕ ಒಳಕಲ್ಲನ್ನೂ ಹೂಳಿಸಿದಳು. ದಿನದ ಕಾಯಿ ಮಿಕ್ಸಿಗೆ, ಬಾಡಿನ ಖಾರ ಒಳಕಲ್ಲಿಗೆ. ಇದರಲ್ಲಿ ಹಳೆಯದರ ಮೋಹ ಏನೂ ಇಲ್ಲ. ಯಾವ ಕೆಲಸಕ್ಕೆ ಯಾವುದು ಒದಗುತ್ತದೋ ಅದು.

ಹಿಟ್ಟಿನ ಕೋಲು ಮೊಳಕ್ಕಿಂತ ಉದ್ದ, ತುದಿ ಸವೆದು ಚಪ್ಪಟೆಯಾಗಿದೆ. ಹಿಟ್ಟು ಅಂದರೆ ನಮ್ಮಲ್ಲಿ ರಾಗಿ ಮುದ್ದೆ. ಎಸರು ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಬೇಕು. ತಕ್ಷಣ ಕೈಯಾಡಿಸಬಾರದು. ಗುಡ್ಡೆಯ ನಡುವೆ ಕೋಲಿನಲ್ಲಿ ತೂತು ಮಾಡಿ ಬಿಟ್ಟರೆ ಎಸರು ಅದರೊಳಗಿಂದ ಉಕ್ಕಿ ಹಿಟ್ಟು ಬೇಯುತ್ತದೆ. ಬೆಂದಮೇಲೆ ಇಳಿಸಿ, ಕವೆಗೋಲನ್ನು ಪಾತ್ರೆಯ ಕಂಠಕ್ಕೆ ಕೊಟ್ಟು, ಅದರ ಎರಡು ಕಾಲನ್ನು ತನ್ನೆರಡು ಪಾದದಲ್ಲಿ ಅದುಮಿ ಹಿಡಿದು, ಎರಡೂ ಕೈಯಲ್ಲಿ ಕೋಲು ತಿರುವಬೇಕು. ಗಂಟು ಉಳಿಯಬಾರದು. ಮನೆಗೆ ಗ್ಯಾಸು ಬಂತು, ಮಡಕೆ ಹೋಗಿ ಸಿಲ್ವಾರದ ಪಾತ್ರೆ ಬಂತು. ಕೋಲು ಮಾತ್ರ ಅದೇ. ಅಜ್ಜಿಯ ಕೈ, ಅವ್ವನ ಕೈ, ಅಕ್ಕನ ಕೈ ಹಿಡಿದ ಜಾಗ ಒಂದೇ, ಅಲ್ಲಿ ಮರ ಕನ್ನಡಿಯ ಹಾಗೆ ಹೊಳೆಯುತ್ತದೆ.

ಇಷ್ಟರಲ್ಲಿ ಓದುವವರು ಕೇಳಬಹುದು: ಕಲ್ಲು ಮರ ಸರಿ, ಕಂಚು ಹಿತ್ತಾಳೆ ಒಂದೂ ಇಲ್ಲವೇ? ಬಡತನ, ಇನ್ನೇನು ಅಂತ ನೀವೇ ಉತ್ತರವನ್ನೂ ಹೇಳಿಕೊಳ್ಳಬಹುದು. ನಾವೂ ಹಾಗೇ ಅಂದುಕೊಂಡಿದ್ದೆವು. ಅಜ್ಜಿಯನ್ನು ಕೇಳಿದಾಗ ಅವಳು ಅಂದದ್ದು ಬೇರೆ: "ಕಂಚು ತತ್ತಿದ್ದೊ ಮಗ, ತರಾಕೇನು. ತಂದು ಯಾರ ಕಣ್ಣಿಗೆ ಬೀಳ್ದಂಗೆ ಮಡಗೋದು?"

ಆ ಮಾತು ನಮಗೆ ತಿಳಿದದ್ದು ಹಾಸ್ಟೆಲಿನಲ್ಲಿ ಓದುವಾಗ. ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ಚಂಡಾಲರ ಬಗ್ಗೆ ಬರೆದಿದೆ. ಅವರ ವಾಸ ಊರ ಹೊರಗೆ. ಬಟ್ಟೆ ಹೆಣದ ಮೇಲಿನದು. ಒಡವೆ ಕಬ್ಬಿಣದ್ದು. ಊಟ ಒಡೆದ ಪಾತ್ರೆಯಲ್ಲಿ. ನಮ್ಮ ಅಡುಗೆಮನೆಯಲ್ಲಿ ಏನಿರಬೇಕು ಅಂತ ನಮ್ಮನ್ನು ಕೇಳದೆ ಬರೆದಿಟ್ಟವರಿದ್ದರು. ಆ ಪುಸ್ತಕವನ್ನು 1927ರ ಡಿಸೆಂಬರ್ 25ರಂದು ಬಾಬಾಸಾಹೇಬರು ಮಹಾಡದಲ್ಲಿ ಸುಟ್ಟರು. ಸುಟ್ಟಮೇಲೂ ಅದು ಜನರ ಕೈಯಲ್ಲಿ ಉಳಿದಿತ್ತು. 1935ರ ನವೆಂಬರಿನಲ್ಲಿ ಅಹಮದಾಬಾದ್ ಜಿಲ್ಲೆಯ ಝಾನು ಎಂಬ ಊರಿನಲ್ಲಿ ನಮ್ಮಂಥ ಹೆಂಗಸರು ಲೋಹದ ಕೊಡದಲ್ಲಿ ನೀರು ತರಲು ಹೊರಟದ್ದಕ್ಕೆ ಅವರ ಮೇಲೆ ಕೈಮಾಡಿದರು. ಬಾಬಾಸಾಹೇಬರೇ ಇದನ್ನು 1936ರ 'ಜಾತಿ ವಿನಾಶ'ದಲ್ಲಿ ದಾಖಲಿಸಿದ್ದಾರೆ. ಕದ್ದ ಕೊಡವಲ್ಲ, ಬೇಡಿದ ಕೊಡವಲ್ಲ. ದುಡ್ಡಿದ್ದವರು ದುಡ್ಡು ಕೊಟ್ಟು ತಂದ ಕೊಡ. ಆದರೂ ಏಟು. ಅಂದಮೇಲೆ ಪಿತ್ರಾರ್ಜಿತ ಪಾತ್ರೆ ಇಲ್ಲದಿರುವುದಕ್ಕೆ ಬರೀ ಬಡತನ ಕಾರಣವಲ್ಲ. ಹಿಂದಿನವರು ಬಿಟ್ಟುಹೋಗಬೇಕಾದರೆ ಮೊದಲು ಹಿಂದಿನವರನ್ನು ಇಟ್ಟುಕೊಳ್ಳಲು ಬಿಡಬೇಕು.

ಈಗ ಗಂಗಳದ ವಿಷಯ.

ಅದು ನಮ್ಮ ಮನೆಯಲ್ಲಿದ್ದ ಗಂಗಳವಲ್ಲ. ನಮ್ಮದೇ, ಆದರೆ ನಮ್ಮ ಮನೆಯಲ್ಲಿರಲಿಲ್ಲ. ಗೌಡರ ಕೊಟ್ಟಿಗೆಯ ಸೂರಿನಲ್ಲಿ, ಒಂದು ಮೊಳೆಗೆ ನೇತುಬಿದ್ದಿತ್ತು. ನೇತುಹಾಕಲು ಅದರ ಅಂಚಿಗೆ ಒಂದು ತೂತು ಕೊರೆದು ತಂತಿ ಪೋಣಿಸಿದ್ದರು. ತಾತ ಅಲ್ಲಿ ಜೀತಕ್ಕಿದ್ದ. ದೊಡ್ಡತ್ತೆಯ ಮದುವೆಗೆ ತಂದ ಮುನ್ನೂರು ರೂಪಾಯಿ ಸಾಲ. ಹೊತ್ತಾರೆ ಸಗಣಿ ಬಾಚಿ, ದನ ಕಟ್ಟಿ, ಸೂರಿನಿಂದ ಗಂಗಳ ತೆಗೆದು ಕೊಟ್ಟಿಗೆಯ ಮೂಲೆಯಲ್ಲಿ ಕೂರಬೇಕು. ಒಳಗಿನಿಂದ ಬಂದವರು ದೂರದಿಂದ ಹಿಟ್ಟು ಹಾಕುತ್ತಿದ್ದರು, ಮೇಲಿನಿಂದ ಸಾರು ಹುಯ್ಯುತ್ತಿದ್ದರು. ಉಂಡು, ತಾನೇ ಬೆಳಗಿ, ಮತ್ತೆ ಸೂರಿಗೆ ಸಿಕ್ಕಿಸಿ ಹೋಗಬೇಕು. ಆ ಗಂಗಳವನ್ನು ಆ ಮನೆಯ ಇನ್ನೊಂದು ಕೈ ಮುಟ್ಟುತ್ತಿರಲಿಲ್ಲ.

ತಾತ ಸೊಂಟ ಮುರಿದುಕೊಂಡು ಮಲಗಿದ ವರ್ಷ 1980. ಸಾಲ ತೀರಿರಲಿಲ್ಲ. ಅಪ್ಪನಿಗೆ ಹನ್ನೆರಡು ವರ್ಷ, ಸ್ಕೂಲು ಬಿಡಿಸಿ ಕಳಿಸಿದರು. ಮೊದಲ ದಿನ ಗೌಡರ ಮನೆಯವರು ಸೂರು ತೋರಿಸಿ "ಅದೇ ನಿಮ್ಮಪ್ಪನ ಗಂಗಳ, ತಗೋ" ಅಂದರಂತೆ. ಎಲ್ಲರ ಮನೆಯಲ್ಲೂ ಅಪ್ಪನದು ಮಗನಿಗೆ ಬರುತ್ತದೆ. ನಮ್ಮಪ್ಪನಿಗೆ ಅವನಪ್ಪನಿಂದ ಬಂದ ಆಸ್ತಿ ಇದು. ಆಗ ಅಸ್ಪೃಶ್ಯತೆ ತೊಲಗಿಸಿದ ಸಂವಿಧಾನ ಜಾರಿಯಾಗಿ 30 ವರ್ಷವಾಗಿತ್ತು. ಅದನ್ನು ಅಪರಾಧ ಎಂದ 1955ರ ಕಾಯಿದೆಗೆ 25 ವರ್ಷ. ಜೀತ ರದ್ದು ಮಾಡಿದ 1976ರ ಕಾಯಿದೆಗೆ 4 ವರ್ಷ. ಮೂರೂ ದಿಲ್ಲಿಯಿಂದ ಹೊರಟಿದ್ದವು, ನಮ್ಮೂರ ಗೌಡರ ಕೊಟ್ಟಿಗೆಗೆ ಇನ್ನೂ ಬಂದು ಮುಟ್ಟಿರಲಿಲ್ಲ.

ಬಂದದ್ದು ಹಾಡು. ದಲಿತ ಸಂಘರ್ಷ ಸಮಿತಿಯ ಹುಡುಗರು ತಮಟೆ ಹಿಡಿದು ಕೇರಿಗೆ ಬಂದರು. ಅವರು ಹಾಡಿದ ಸಿದ್ಧಲಿಂಗಯ್ಯನವರ ಹಾಡುಗಳನ್ನು ಅಪ್ಪ ಕೇಳಿದ. ಜೀತದ ಕಾಯಿದೆ ಏನು ಹೇಳುತ್ತದೆ ಅಂತ ಲಾಟೀನಿನ ಬೆಳಕಲ್ಲಿ ಓದಿ ಹೇಳಿದರು. ಸಾಲ ರದ್ದಾಗಿದೆ, ನೀನು ಯಾರ ಆಳೂ ಅಲ್ಲ ಅಂದರು. ಅಪ್ಪ ಎರಡು ರಾತ್ರಿ ನಿದ್ದೆ ಮಾಡಲಿಲ್ಲವಂತೆ. ಮೂರನೇ ದಿನ ಕೊಟ್ಟಿಗೆಗೆ ಹೋಗಿ, ದನ ಕಟ್ಟದೆ, ಸೂರಿನ ಗಂಗಳ ಇಳಿಸಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟ.

"ಏಯ್, ಗಂಗಳ ಎಲ್ಲಿಗ್ಲಾ ಹೊತ್ಕಂಡೋಯ್ತಿದ್ದೀಯ? ಮಡಗ್ಲಾ ಅಲ್ಲಿ, ನಮ್ದು ಅದು."

ಅಪ್ಪ ನಿಂತ. "ಉಂಡೋರು ನಾವು, ಬೆಳಗ್ದೋರು ನಾವು. ನಿಮ್ಮನೇಲಿ ಯಾರಾರು ಇದ್ರಲ್ಲಿ ಉಣ್ತೀವಿ ಅಂದ್ರೆ ಏಳಿ ಬುದ್ದಿ, ಇಲ್ಲೇ ಮಡಗೋಯ್ತೀನಿ."

ಯಾರೂ ಮಾತಾಡಲಿಲ್ಲ. ಅಪ್ಪ ಊರಬೀದಿಯಲ್ಲೇ ಗಂಗಳ ಹಿಡಿದು ನಡೆದು ಕೇರಿಗೆ ಬಂದ. ಆ ವರ್ಷ ಊರಿನ ಯಾವ ಹೊಲಕ್ಕೂ ನಮ್ಮ ಮನೆಯವರನ್ನು ಕೂಲಿಗೆ ಕರೆಯಲಿಲ್ಲ. ಅಜ್ಜಿ ಪಕ್ಕದ ಊರುಗಳಿಗೆ ನಡೆದು ಹೋಗಿ ಕಳೆ ಕಿತ್ತಳು. ಗಂಗಳವನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಕೆರೆಗೆ ಎಸೆದ್ಬುಡು, ನಮ್ಮನ್ನ ಉಪಾಸ ಕೆಡವ್ತು" ಅನ್ನುತ್ತಿದ್ದಳು. ಅಪ್ಪ ಎಸೆಯಲಿಲ್ಲ. ಅದರಲ್ಲಿ ಉಣ್ಣಲೂ ಇಲ್ಲ. ಅಟ್ಟಕ್ಕೆ ಹಾಕಿದ.

ಅವ್ವ ಮದುವೆಯಾಗಿ ಬಂದಳು. ಅಟ್ಟದಲ್ಲಿ ಒಂದು ಗಂಗಳ ಸುಮ್ಮನೆ ಬಿದ್ದಿದೆ, ಮನೆಯಲ್ಲಿ ಹಿಟ್ಟು ಕಟ್ಟಲು ಅಗಲವಾದದ್ದು ಇನ್ನೊಂದಿಲ್ಲ. ಬೂದಿ ಹಾಕಿ ತಿಕ್ಕಿ, ನೀರು ಸವರಿ, ಬೆಂದ ಹಿಟ್ಟನ್ನು ಅದಕ್ಕೆ ತಿರುವಿಕೊಂಡು ಮುದ್ದೆ ಕಟ್ಟಿದಳು. ಅಪ್ಪ ನೋಡಿ ಎದ್ದುಹೋದ. ಅವತ್ತು ಉಪವಾಸ. ರಾತ್ರಿ ಅಜ್ಜಿ ಕತೆಯನ್ನೆಲ್ಲ ಹೇಳಿದಳು. ಅವ್ವ ಕೇಳಿ ಬಹಳ ಹೊತ್ತು ಸುಮ್ಮನಿದ್ದು ಅಪ್ಪನಿಗೆ ಅಂದಳಂತೆ: "ಇದ್ನ ತರಕ್ಕೆ ಅಷ್ಟು ಕಷ್ಟ ಬಿದ್ದಿದ್ದೀರಿ. ತಂದು ಅಟ್ಟದಲ್ಲಿ ನೇತಾಕುದ್ರೆ ಅವ್ರ ಸೂರ್ಗೂ ನಮ್ಮ ಅಟ್ಟಕ್ಕೂ ಏನ್ ಯತ್ಯಾಸ? ಮನೆ ಹಿಟ್ಟೆಲ್ಲ ಇದ್ರ ಮ್ಯಾಲೇ ಕಟ್ತೀನಿ. ಉಣ್ಣಿ."

ಅವತ್ತಿನಿಂದ ಇವತ್ತಿನವರೆಗೆ ನಮ್ಮ ಮನೆಯ ಪ್ರತಿ ಮುದ್ದೆ ಕಟ್ಟುವುದು ಆ ಗಂಗಳದ ಮೇಲೆ. ಅದೇ ಮುದ್ದೆ ಉಂಡು ನಾವು ಬೆಳೆದೆವು, ಅಕ್ಷರ ಕಲಿತೆವು.

ಆದರೆ ಓದಿದ ನಮಗೆ ಅದು ಬೇಗ ದಕ್ಕಲಿಲ್ಲ. ಡಿಗ್ರಿ ಮುಗಿಸಿ ಬಂದವರು ಅವ್ವನ ಜೊತೆ ಜಗಳಕ್ಕೆ ನಿಂತೆವು. ಅವಮಾನದ ಗುರುತನ್ನು ದಿನಾ ತೊಳೆದು ಇಟ್ಟುಕೊಳ್ಳುವುದೇ? ಕಲ್ಲಿನಲ್ಲಿ ಜಜ್ಜಿ ಗುಜರಿಗೆ ಹಾಕಬೇಕು ಅಂದೆವು. ಅವ್ವ ತಲೆ ಎತ್ತದೆ ಅಂದಳು: "ಜಜ್ಜು. ಆಮ್ಯಾಕೆ ಹಿಟ್ಟು ಯಾತರ ಮ್ಯಾಲೆ ಕಟ್ಟನ?" ಆ ಪ್ರಶ್ನೆಗೆ ನಮ್ಮ ಬಿ.ಎ.ಯಲ್ಲಿ ಉತ್ತರ ಇರಲಿಲ್ಲ.

ನಮ್ಮ ಸ್ವಾಭಿಮಾನ ಎಷ್ಟಿತ್ತು ಅನ್ನುವುದನ್ನೂ ಹೇಳಿಬಿಡುತ್ತೇವೆ. ಪಟ್ಟಣದಲ್ಲಿ ರೂಮು ಮಾಡಿದಾಗ ಅಪ್ಪ ಹೊಸ ಹಿಟ್ಟಿನ ಕೋಲೊಂದನ್ನು ಕೆತ್ತಿಕೊಟ್ಟ. ಅವ್ವ ಅದನ್ನು ರಾಗಿಹಿಟ್ಟಿನ ಚೀಲದ ಜೊತೆ ಕಟ್ಟಿದಳು. ಮನೆಯ ಮಾಲೀಕರು ಬಾಡಿಗೆ ಹೇಳುವ ಮುಂಚೆ "ನೀವು ಯಾವ ಜನ? ಮಾಂಸ ಗೀಂಸ ಮಾಡ್ತೀರಾ?" ಅಂತ ಕೇಳಿದರು. ನಾವು ಮೊದಲನೆಯದಕ್ಕೆ ಸುಳ್ಳು ಹೇಳಿದೆವು, ಎರಡನೆಯದಕ್ಕೂ ಸುಳ್ಳು ಹೇಳಿದೆವು. ಹಿಟ್ಟಿನ ಕೋಲು ಕಂಡರೆ ಗುರುತು ಹತ್ತೀತು ಅಂತ ಮಂಚದ ಕೆಳಗೆ ತಳ್ಳಿದೆವು. ಮುದ್ದೆಯನ್ನು ಎಲ್ಲ ಜಾತಿಯವರೂ ಉಣ್ಣುತ್ತಾರೆ, ಕೋಲು ನೋಡಿ ಯಾರೂ ಜಾತಿ ಹೇಳಲಾರರು. ಅದು ನಮಗೂ ಗೊತ್ತಿತ್ತು. ಆದರೂ ಭಯ. ರೂಮಿನಲ್ಲಿ ಕೂತು ಬಂಡಾಯದ ಪದ್ಯ ಬರೆಯುತ್ತಿದ್ದೆವು, ಮಂಚದ ಕೆಳಗೆ ಕೋಲಿಗೆ ಧೂಳು ಹಿಡಿಯುತ್ತಿತ್ತು. ರೂಮು ಬಿಡುವಾಗ ಅದನ್ನು ಮರೆತು ಬಂದೆವು. ಮರೆತದ್ದಲ್ಲ, ಬಿಟ್ಟುಬಂದದ್ದು. ಅಪ್ಪ ಕೇಳಿದಾಗ "ಮುರಿದೋಯ್ತು" ಅಂದೆವು. ಅಪ್ಪ ಇನ್ನೊಂದು ಕೆತ್ತಿದ.

ಹೋದ ವರ್ಷ ಅದೇ ಗೌಡರ ಮೊಮ್ಮಗ ನಮ್ಮ ಮನೆಗೆ ಬಂದಿದ್ದ. ನಮ್ಮ ಜೊತೆ ಓದಿದವನು, ಒಳ್ಳೆಯ ಹುಡುಗ. ಮಾತು ಹತ್ತಿ ಹೊತ್ತು ಹೋಯಿತು. ಅವ್ವ "ಉಂಡ್ಕಂಡೋಗಪ್ಪ" ಅಂದಳು. ಕೂತ. ಹುರುಳಿ ಬಸ್ಸಾರು, ಗಂಗಳದ ಮೇಲೆ ಕಟ್ಟಿದ ಬಿಸಿ ಹಿಟ್ಟು. ಸ್ಟೀಲು ತಟ್ಟೆಗೆ ಅವ್ವ ಇಟ್ಟಳು, ಅವನು ಮುರಿದು ಅದ್ದಿ ನುಂಗಿದ. ನಮಗೆ ಎದೆ ಹೊಡೆದುಕೊಳ್ಳುತ್ತಿತ್ತು. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಅವ್ವ ಕಣ್ಣಲ್ಲೇ ತಡೆದಳು. ಉಣ್ಣುವವನ ಮುಂದೆ ಅಂಥ ಮಾತು ತೆಗೆಯಬಾರದು. ಹಾಗೆ ಮಾಡುವವರು ನಾವಲ್ಲ.

ಅವನು ಕೈ ತೊಳೆದು ಬಂದಮೇಲೆ ಅಪ್ಪನೇ ಗಂಗಳ ತಂದು ಅವನ ಮುಂದೆ ಇಟ್ಟ. ಅಂಚಿನ ತೂತಿನ ಮೇಲೆ ಬೆರಳಿಟ್ಟು, ಸಿಟ್ಟಿಲ್ಲದೆ, ಎಲ್ಲವನ್ನೂ ಹೇಳಿದ. ಹುಡುಗ ತೂತನ್ನೇ ನೋಡುತ್ತಿದ್ದ. ಕೊನೆಗೆ "ನಂಗೆ ಇದ್ಯಾವ್ದೂ ಗೊತ್ತಿರ್ಲಿಲ್ಲ" ಅಂದ. ನಿಜ ಇರಬೇಕು. ಅವರ ಮನೆಯಲ್ಲಿ ಯಾರೂ ಹೇಳಿರಲಿಕ್ಕಿಲ್ಲ. ನಮ್ಮ ಮನೆಯ ಮಕ್ಕಳಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ ಇರಲಿಲ್ಲ, ಅವರ ಮನೆಯ ಮಕ್ಕಳಿಗೆ ಗೊತ್ತಾಗದೆ ಬದುಕಲು ಸಾಧ್ಯವಿತ್ತು. ಗೊತ್ತಿಲ್ಲದಿರುವುದೂ ಒಂದು ಪಿತ್ರಾರ್ಜಿತ ಆಸ್ತಿಯೇ. ಅವನು ಆಮೇಲೆ ಮೂರು ತಿಂಗಳು ಈ ಕಡೆ ಬರಲಿಲ್ಲ. ಮತ್ತೆ ಬಂದಾಗ ಯಾರೂ ಏನೂ ಕೇಳಲಿಲ್ಲ. ಅವ್ವ ಹಿಟ್ಟು ಕಟ್ಟಿದಳು, ಉಂಡ.

ಈಚೆಗೆ ಕಾರಿನಲ್ಲಿ ಬಂದು ಹಳೆ ಸಾಮಾನು ಕೇಳುವವರು ಹೆಚ್ಚಾಗಿದ್ದಾರೆ. ರಾಗಿಕಲ್ಲನ್ನು ರೆಸಾರ್ಟುಗಳ ಹುಲ್ಲುಹಾಸಿನ ಮೇಲೆ ಚೆಂದಕ್ಕೆ ಇಡುತ್ತಾರಂತೆ, ಒಳಕಲ್ಲಿನಲ್ಲಿ ನೀರು ತುಂಬಿ ಹೂ ತೇಲಿಬಿಡುತ್ತಾರಂತೆ. ಒಬ್ಬ ಎರಡು ಸಾವಿರ ಎಣಿಸಿದ. ಅವ್ವ, "ಬೀಸಕ್ಕೆ ಯಾರಾರು ಬತ್ತಾರಾ ಅಲ್ಲಿ?" ಅಂದಳು. "ಇಲ್ಲಕ್ಕಾ, ನೋಡಕ್ಕೆ" ಅಂದ. "ನೋಡಕ್ಕೆ ಏನದೆ, ನಮ್ಮ ಮೈಕೈ ನೋವು ಅದೆ" ಅಂದು ಕಳಿಸಿದಳು. ಇನ್ನೊಬ್ಬರು ನಮ್ಮವರೇ, ಒಳ್ಳೆಯ ಉದ್ದೇಶದವರು. ಶೋಷಣೆಯ ಚರಿತ್ರೆ ತೋರಿಸುವ ಪ್ರದರ್ಶನಕ್ಕೆ ಗಂಗಳ ಕೊಡಿ, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ ಅಂದರು. ನಮಗೆ ಕೊಡಬೇಕು ಅನ್ನಿಸಿತು. ಲೋಕ ನೋಡಬೇಕಲ್ಲ. ಅಪ್ಪ ಯೋಚನೆ ಮಾಡಿ ಅಂದ:

"ಗಂಗಳ ದುಡೀತಾ ಅದೆ, ಅದ್ನ ಬುಟ್ಬುಡಿ. ಆ ಮೊಳೆ ಇನ್ನೂ ಅವ್ರ ಸೂರಲ್ಲೇ ಅದೆ. ಹೋಗಿ ಅದ್ನ ಕೇಳಿ, ಕಿತ್ಕೊಡ್ತಾರಾ ನೋಡಿ. ಪೆಟ್ಗೆ ಒಳ್ಗೆ ಇಡ್ಬೇಕಾದ್ದು ಅದು."

ಅವರು ಹೋಗಿ ಕೇಳಿದರೋ ಇಲ್ಲವೋ. ಮೊಳೆ ಈಗಲೂ ಅಲ್ಲೇ ಇದೆ, ಹೋಗುವಾಗ ಬರುವಾಗ ನೋಡುತ್ತೇವೆ.

ಬರುವ ಬೇಸಿಗೆಗೆ ಅಕ್ಕನ ಮದುವೆ. ಏನು ಕೊಡಲಿ ಅಂತ ಅವ್ವ ಕೇಳಿದ್ದಕ್ಕೆ ಅಕ್ಕ ಹಿಟ್ಟಿನ ಕೋಲು ಕೇಳಿದಳು. ಹಳೆಯದನ್ನೇ. ಗಂಗಳ ಇಲ್ಲೇ ಇರುತ್ತದೆ. ನಾವು ಮತ್ತೆ ಪಟ್ಟಣಕ್ಕೆ ಹೊರಟಿದ್ದೇವೆ, ಕೆಲಸಕ್ಕೆ. ಅಪ್ಪ ಕೆತ್ತಿದ ಕೋಲು ಈ ಸಲ ಚೀಲದ ಒಳಗಿಲ್ಲ, ಬಾಯಿಂದ ಅರ್ಧ ಆಚೆ ಬಂದಿದೆ. ಬಸ್ಸಿನಲ್ಲಿ ಯಾರಾದರೂ ಅದೇನು ಅಂತ ಕೇಳಿದರೆ ಹೇಳುತ್ತೇವೆ. ಆ ತಾಯಿ ಮತ್ತೆ ಸಿಕ್ಕಿ, ನಿಮ್ಮ ಮನೆಯಲ್ಲಿ ಏನೇನಿದೆ ಅಂತ ಕೇಳಿದರೆ ಇನ್ನು ಕೈ ತೊಳೆಯಲು ಎದ್ದುಹೋಗುವುದಿಲ್ಲ. ಕೂತು ಹೇಳುತ್ತೇವೆ. ಪುರುಸೊತ್ತಿದ್ದರೆ ಬನ್ನಿ ತಾಯಿ, ಆ ಗಂಗಳದ ಮೇಲೇ ಕಟ್ಟಿದ ಹಿಟ್ಟು ಇದೆ, ಉಣ್ಣುವಿರಂತೆ ಎನ್ನುತ್ತೇವೆ.